ಇಪ್ಪತ್ತೊಂಬತ್ತು ಇಂಚಿನ ಅಡುಗೆಕಟ್ಟೆ

ಅವನು ಎಷ್ಟು ಉದ್ದವಿದ್ದನೆಂದರೆ, ಲೈನ್‌ಮನ್ ಕೆಲಸಕ್ಕೆ ಸೇರಿದ ಮೊದಲ ವಾರವೇ ಜೊತೆಗಾರರು ಅವನಿಗೆ ಏಣಿ ಎಂದು ಹೆಸರಿಟ್ಟರು. ಹತ್ತಲು ಶುರುಮಾಡುವ ಮೊದಲೇ ಅರ್ಧ ಕಂಬ ಮುಗಿಸಿರುತ್ತಾನೆ ಎಂದು ನಗುತ್ತಿದ್ದರು. ಇಪ್ಪತ್ತಾರು ವರ್ಷ ಕಳೆಯುವಷ್ಟರಲ್ಲಿ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲಿಯೂ ಅವನ ನಿಜವಾದ ಹೆಸರು ಉಳಿದಿರಲಿಲ್ಲ. ಅವನ ಹೆಂಡತಿ ಅವನ ಅಂಗಿಯ ಮೂರನೆಯ ಗುಂಡಿಗೆ ಬರುತ್ತಿದ್ದಳು. ಇಬ್ಬರೂ ಜೊತೆಯಾಗಿ ಹೊರಟರೆ ಬೀದಿಯವರು, 'ಕಂಬವೂ ಮೈಲಿಗಲ್ಲೂ ಹೊರಟವು' ಎನ್ನುತ್ತಿದ್ದರು. ಅವಳು ಕೇಳಿಸಿಕೊಂಡು ಸುಮ್ಮನೆ ಬಿಡುವವಳಲ್ಲ. "ಮೈಲಿಗಲ್ಲಿಗಾದ್ರೂ ಊರು ಎಷ್ಟು ದೂರ ಅಂತ ಗೊತ್ತಿರುತ್ತೆ, ಕಂಬಕ್ಕೇನು ಗೊತ್ತು" ಎನ್ನುತ್ತಿದ್ದಳು.

ಅವಳು ನೂಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿದ್ದಳು. ಮೂರು ಪಾಳಿಗೆ ನಾನೂರು ಜನ. ಆಲೂಗಡ್ಡೆ ಹೆಚ್ಚುವವರು, ಪಾತ್ರೆ ತೊಳೆಯುವವರು, ಸಾಮಾನು ತರುವ ಲಾರಿಯವನು, ಎಲ್ಲರೂ ಅವಳ ಮಾತಿನ ಕೆಳಗೆ. ಕೊಳೆತ ಈರುಳ್ಳಿಯ ಮೂಟೆಯನ್ನು ಬಿಚ್ಚದೆ, ಬರೀ ಮೂಗಿನಿಂದ ಕಂಡುಹಿಡಿದು ವಾಪಸು ಕಳಿಸುತ್ತಿದ್ದಳು. ಒಂದು ದಿನ ಅವಳ ಎಡಗಾಲಿನ ಚಪ್ಪಲಿ ಪದೇಪದೇ ಜಾರತೊಡಗಿತು. ಚಪ್ಪಲಿಯನ್ನು ಬೈದಳು. ಬೇರೆ ತಂದಳು. ಮೂರು ಜೊತೆ ಚಪ್ಪಲಿ ಬದಲಾದ ಮೇಲೆ, ದೊಡ್ಡ ಹಂಡೆಯ ಮುಚ್ಚಳ ಹಿಡಿದುಕೊಂಡೇ ಕ್ಯಾಂಟೀನಿನ ನಡುವೆ ಬಿದ್ದಳು. ಕಾಲು ಮಡಚಿಕೊಂಡಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಐದು ತಿಂಗಳು ಆಸ್ಪತ್ರೆಗಳನ್ನು ಸುತ್ತಿದರು. ಕೊನೆಗೆ ನರಗಳ ವೈದ್ಯೆಯೊಬ್ಬಳು ಗಂಡ, ಹೆಂಡತಿ, ಮಗಳು ಮೂವರನ್ನೂ ಕೂರಿಸಿಕೊಂಡು ಬಾಗಿಲು ಹಾಕಿದಳು. ಯಾವುದನ್ನೂ ಮುಚ್ಚಿಡಲಿಲ್ಲ.

"ಕಾಲಿನಿಂದ ಶುರುವಾಗಿದೆ. ಮುಂದೆ ಕೈಗೆ ಬರುತ್ತೆ, ಆಮೇಲೆ ಮಾತಿಗೆ, ನುಂಗೋದಕ್ಕೆ. ಮಾತ್ರೆಯಿಂದ ಒಂದಿಷ್ಟು ನಿಧಾನ ಮಾಡಬಹುದು, ನಿಲ್ಲಿಸೋಕಾಗಲ್ಲ. ಎಷ್ಟು ತಿಂಗಳು ಅಂತ ಖಚಿತವಾಗಿ ಯಾರೂ ಹೇಳೋಕಾಗಲ್ಲ."

ಮೂವರೂ ಕೇಳಿದ್ದು ಇದೇ ಮಾತು. ಆದರೆ ಹೆಂಡತಿಯೂ ಮಗಳೂ ಅದರ ಮೊದಲ ಭಾಗವನ್ನು ಮನೆಗೆ ತಂದರು. ಏಣಿ ಕೊನೆಯ ಭಾಗವನ್ನು ಮಾತ್ರ ತಂದ. 'ಯಾರೂ ಹೇಳೋಕಾಗಲ್ಲ ಅಂತ ಅವರೇ ಹೇಳಿದಾರೆ' ಎನ್ನುವುದು ಅವನ ಬಾಯಿಪಾಠವಾಯಿತು. ಬಂದುಹೋಗುವ ನೆಂಟರಿಗೆಲ್ಲ ಅದನ್ನೇ ಹೇಳುತ್ತಿದ್ದ. ಹೆಂಡತಿ ಅಡ್ಡ ಹಾಕುತ್ತಿರಲಿಲ್ಲ.

ಕ್ಯಾಂಟೀನಿನ ಕೆಲಸ ಹೋಯಿತು. ಗಾಲಿಕುರ್ಚಿ ಬಂತು. ಬಳಸಿ ವಾಪಸು ಕೊಡಿ ಎಂದು ಆಸ್ಪತ್ರೆಯವರು ಕೊಟ್ಟ ಕುರ್ಚಿ ಅದು. ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಟ್ಟೆ ಕಟ್ಟಿದ ಕಾಲದಲ್ಲಿ ಯಾರೂ ಅಳತೆ ನೋಡಿರಲಿಲ್ಲ. ಗೋಡೆ ಕಟ್ಟಿದವನು ತನ್ನ ಸೊಂಟಕ್ಕೆ ಸರಿಯಾಗಿ ಕಟ್ಟಿ ಹೋಗಿದ್ದ. ಕುರ್ಚಿಯಲ್ಲಿ ಕೂತವಳಿಗೆ ಒಲೆಯ ಬೆಂಕಿ ಗಲ್ಲದ ಮಟ್ಟಕ್ಕೆ ಬರುತ್ತಿತ್ತು. ಬೇಡವೆಂದರೂ ಕೇಳದೆ ಅವಳು ಕೈ ಮೇಲೆತ್ತಿ ಬೇಯಿಸುತ್ತಿದ್ದಳು. ಒಂದು ಮಧ್ಯಾಹ್ನ ಬೀನ್ಸ್ ಬೇಯಿಸಿದ ನೀರು ಬಸಿಯಲು ಹೋಗಿ ಪಾತ್ರೆ ಮಗುಚಿ ತೊಡೆಯ ಮೇಲೆ ಬಿತ್ತು. ಕಾಲಿನಲ್ಲಿ ಶಕ್ತಿ ಸತ್ತಿತ್ತೇ ಹೊರತು ಉರಿ ಸತ್ತಿರಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಮಗಳು ಮುಲಾಮು ತಂದು ಹಚ್ಚುತ್ತಿರುವಾಗ ಏಣಿ ಬಾಗಿಲಲ್ಲಿ ನಿಂತು ಹೇಳಿದ:

"ಈ ಅಡುಗೆಮನೆ ಒಡೆಸಿಬಿಡ್ತೀನಿ. ನಿನ್ನ ಅಳತೆಗೆ ಹೊಸದು ಮಾಡಿಸ್ತೀನಿ."

ಮಗಳು ತಲೆ ಎತ್ತಲಿಲ್ಲ. "ಅಪ್ಪ, ಈಗ ಅದಕ್ಕೆಲ್ಲ ಖರ್ಚು..." ಎಂದಳು.

"ಖರ್ಚು ನನಗಿರಲಿ."

"ಖರ್ಚು ನಂದು" ಎಂದಳು ಹೆಂಡತಿ. ಕ್ಯಾಂಟೀನಿನಿಂದ ಬಿಡುವಾಗ ಒಂದು ಇಡುಗಂಟು ಕೊಟ್ಟಿದ್ದರು. ಅದಕ್ಕೆ ಯಾರೂ ಕೈ ಹಾಕಿರಲಿಲ್ಲ. "ಅಷ್ಟರಲ್ಲೇ ಆಗಬೇಕು, ಅದಕ್ಕಿಂತ ಒಂದು ಮೊಳೆ ಜಾಸ್ತಿ ಆಗಬಾರದು. ಮತ್ತೆ ಆರಿಸೋದು ನಾನು. ನೀವು ಕುರ್ಚಿ ತಳ್ಳಿ ಸಾಕು."

ಹೀಗೆ ಮೂರು ಭಾನುವಾರ ಮೂವರೂ ಅಂಗಡಿ ಸುತ್ತಿದರು.

ಮೊದಲನೆಯ ಅಂಗಡಿ ಗಾಜಿನ ಕಟ್ಟಡದಲ್ಲಿತ್ತು. ಒಳಗೆ ಹನ್ನೆರಡು ಅಡುಗೆಮನೆಗಳು ಸಾಲಾಗಿ ನಿಂತಿದ್ದವು. ಒಂದರಲ್ಲಿಯೂ ಎಣ್ಣೆಯ ಕಲೆಯಿರಲಿಲ್ಲ, ಹೊಗೆಯಿರಲಿಲ್ಲ; ಬುಟ್ಟಿಯಲ್ಲಿ ಪ್ಲಾಸ್ಟಿಕ್ ನಿಂಬೆಹಣ್ಣು. ಟೈ ಕಟ್ಟಿದ ಮಾರಾಟಗಾರ ಬಂದು ಕುರ್ಚಿಯ ಮೇಲಿನಿಂದ ಏಣಿಯ ಮುಖ ನೋಡುತ್ತಾ, "ಮೇಡಂಗೆ ಯಾವ ಬಣ್ಣ ಇಷ್ಟ ಸರ್?" ಎಂದು ಕೇಳಿದ.

"ಮೇಡಂಗೆ ಕಾಲು ಹೋಗಿದೆ, ಬಾಯಿ ಇದೆ" ಎಂದಳು ಅವಳು. "ಇಲ್ಲಿ ಕೇಳಪ್ಪ."

ಮಾರಾಟಗಾರ ಕೆಂಪಗಾಗಿ ಬಗ್ಗಿ ನಿಂತ. ಅವಳು ಬಣ್ಣದ ವಿಷಯ ಎತ್ತಲೇ ಇಲ್ಲ. ಒಂದು ಡ್ರಾಯರನ್ನು ಪೂರ್ತಿ ಎಳೆದು, ಅದರ ತುದಿಯ ಮೇಲೆ ಎರಡೂ ಮೊಣಕೈ ಊರಿ, ಮೈಭಾರ ಬಿಟ್ಟಳು. ಡ್ರಾಯರ್ ಕಿರ್ರೆಂದು ಮೂತಿ ಕೆಳಗೆ ಮಾಡಿತು.

"ಒಂದು ಮೂಟೆ ಅಕ್ಕಿಯೂ ತಡೆಯಲ್ವಲ್ಲ ಇದು. ಒಳಗಿರೋ ಹಲಗೆ ಯಾವುದು?"

"ಎಂಜಿನಿಯರ್ಡ್ ವುಡ್ ಮೇಡಂ. ಈಗೆಲ್ಲ ಅದೇ ನಡೀತಿರೋದು. ಹದಿನೈದು ವರ್ಷ ಗ್ಯಾರಂಟಿ."

ಹದಿನೈದು ವರ್ಷ ಎಂದ ತಕ್ಷಣ ಏಣಿಯ ಮುಖ ಅರಳಿತು. ಅವಳು ಅದನ್ನು ನೋಡಿ ಮತ್ತೆ ಮಾರಾಟಗಾರನ ಕಡೆ ತಿರುಗಿದಳು. "ಅದರದೊಂದು ಚೂರು ಕೊಡಿ."

ಹೋದಲ್ಲೆಲ್ಲ ಅವಳು ಒಂದೊಂದು ಚೂರು ಹಲಗೆ ಕೇಳಿ ಇಸಿದುಕೊಂಡಳು. ಮನೆಗೆ ಬಂದು ಪ್ರತಿಯೊಂದರ ಮೇಲೂ ಮಗಳ ಕೈಯಲ್ಲಿ ಅಂಗಡಿಯ ಗುರುತು ಬರೆಸಿ, ಬಚ್ಚಲಿನ ಬಕೆಟ್ಟಿನಲ್ಲಿ ನೀರು ತುಂಬಿ ಮುಳುಗಿಸಿಟ್ಟಳು. ಮೇಲೆ ಒಂದು ಕಲ್ಲು. ಮೂರು ದಿನ ಬಿಟ್ಟು ತೆಗೆದಾಗ ಗಾಜಿನ ಅಂಗಡಿಯ ಹಲಗೆ ಹಾಲಿಗೆ ಹಾಕಿದ ಬ್ರೆಡ್ಡಿನಂತೆ ಉಬ್ಬಿತ್ತು. ಎರಡನೆಯ ಅಂಗಡಿಯದು ಅಂಚಿನಲ್ಲಿ ಪದರ ಬಿಟ್ಟಿತ್ತು. ಏಣಿಯ ಸಬ್‌ಸ್ಟೇಷನ್ ಹಿಂದಿನ ಓಣಿಯಲ್ಲಿ ಮರಗೆಲಸ ಮಾಡುತ್ತಿದ್ದ ಮುದುಕ ಬಡಗಿಯ ಬಳಿಯಿಂದ ತಂದ ಪ್ಲೈವುಡ್ ಚೂರು ಮಾತ್ರ ಹೇಗಿತ್ತೋ ಹಾಗೇ ಇತ್ತು. ಅವಳು ಅದನ್ನು ಒರೆಸಿ, ಬೆರಳಿನಿಂದ ಟಕಟಕ ಬಡಿದು, ಕಿವಿಗೆ ಹಿಡಿದು ನೋಡಿದಳು. ತುಂಬ ದಿನದ ಮೇಲೆ ಆ ಮುಖದಲ್ಲಿ ಕ್ಯಾಂಟೀನಿನ ಗತ್ತು ಕಾಣಿಸಿತು.

"ಈ ಮುದುಕನ ಹತ್ತಿರವೇ ಮಾಡಿಸೋಣ" ಎಂದಳು.

ಬಡಗಿಯ ಕೊಟ್ಟಿಗೆಯಲ್ಲಿ ಗರಗಸದ ಪುಡಿ ಪಾದ ಮುಚ್ಚುವಷ್ಟಿತ್ತು, ಗಾಲಿಗಳು ಹೂತುಹೋಗುತ್ತಿದ್ದವು. ಮುದುಕನಿಗೆ ಮಾತು ಕಡಿಮೆ, ಕಿವಿಯ ಹಿಂದೆ ಸದಾ ಪೆನ್ಸಿಲ್. ಅವಳೂ ಅವನೂ ಕೂತು ಒಂದು ಗಂಟೆ ಚೌಕಾಸಿ ಮಾಡಿದರು. ಚೌಕಾಸಿಯೆಂದರೆ ಬೆಲೆಯದಲ್ಲ, ಎಲ್ಲಿ ಬಿಡಬೇಕು ಎಲ್ಲಿ ಹಿಡಿಯಬೇಕು ಎಂಬುದರದು.

"ಮೇಲಿನ ಕಪಾಟು ಬೇಡ. ಕೈ ಸಿಗದ ಕಪಾಟು ಜೇಡರಹುಳಕ್ಕೆ ಮನೆ" ಎಂದಳು. "ಬಾಗಿಲಿಗೆ ಹೊಳೆಯೋ ಹಾಳೆ ಬೇಡ, ಸಾದಾ ಹಾಕಿ. ಅದರಲ್ಲಿ ಉಳಿದಿದ್ದನ್ನ ಕೀಲಿಗೆ ಹಾಕಿ. ಕೀಲು ಗಟ್ಟಿ ಇರಬೇಕು, ಮೇಸ್ತ್ರಿ. ಅಡುಗೆಮನೆ ಸಾಯೋದು ಕೀಲಿನಿಂದ."

"ನೀವು ಈ ಕೆಲಸ ಮಾಡಿದೀರಾ ತಾಯಿ?" ಎಂದ ಮುದುಕ.

"ನಾನೂರು ಜನ ತಿನ್ನೋ ಕಡೆ ವರ್ಷಕ್ಕೆ ಎರಡು ಸಲ ಬಾಗಿಲು ಕಳಚಿ ಬೀಳ್ತಿತ್ತು. ನೋಡಿ ಕಲಿತಿದೀನಿ."

ಕಟ್ಟೆಯ ಕಲ್ಲಿಗೆ ದೊಡ್ಡ ಹಾಸು ಬೇಡ, ಕಲ್ಲಿನಂಗಡಿಯ ಹಿತ್ತಲಲ್ಲಿ ಕಡಿದು ಉಳಿದ ತುಂಡುಗಳಿರುತ್ತವೆ, ಎರಡು ತುಂಡು ಒಂದೇ ಬಣ್ಣದವು ಸಿಕ್ಕರೆ ಸಾಕು ಎಂದಳು. ಕಟ್ಟೆಯ ಕೆಳಗೆ ಮಧ್ಯದ ಭಾಗ ಖಾಲಿ ಇರಬೇಕು, ಮಂಡಿ ಒಳಗೆ ಹೋಗಬೇಕು, ಸಿಂಕ್ ಆಳವಿಲ್ಲದ್ದಾಗಬೇಕು, ಅದರ ಪೈಪು ಗೋಡೆಗೆ ಒತ್ತಿಕೊಂಡಿರಬೇಕು, ಇಲ್ಲದಿದ್ದರೆ ಬಿಸಿನೀರು ಹರಿದಾಗ ಕಾಲು ಸುಡುತ್ತದೆ. ಮುದುಕ ಎಲ್ಲವನ್ನೂ ಒಂದು ಹಲಗೆಯ ತುಂಡಿನ ಮೇಲೆ ಬರೆದುಕೊಂಡ. ಕೊನೆಗೆ ಪೆನ್ಸಿಲ್ ಎತ್ತಿ ಕೇಳಿದ:

"ಎತ್ತರ?"

"ಇಪ್ಪತ್ತೊಂಬತ್ತು ಇಂಚು" ಎಂದ ಏಣಿ. ಮನೆಯಲ್ಲಿಯೇ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಟೇಪು ಹಿಡಿದು ಅಳೆದುಕೊಂಡು ಬಂದಿದ್ದ.

"ಮೂವತ್ತೇಳು" ಎಂದಳು ಅವಳು.

ಬಡಗಿ ಇಬ್ಬರ ಮುಖವನ್ನೂ ನೋಡಿದ. ಮೂವತ್ತೇಳೆಂದರೆ ನಿಂತವರ ಎತ್ತರ, ಅದರಲ್ಲೂ ಸಾಮಾನ್ಯ ಎತ್ತರದವರಿಗಿಂತ ಉದ್ದ ಇದ್ದವರದು.

"ಅದು ಯಾರಿಗೆ?" ಎಂದ ಏಣಿ.

"ನಿಮಗೆ."

"ನಾನೆಲ್ಲಿ ಅಡುಗೆ ಮಾಡ್ತೀನಿ?"

"ಕಲೀತೀರಿ." ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. "ನೋಡ್ರೀ, ಕೂತು ಯೋಚನೆ ಮಾಡಿ. ಇದಾಗೋದಕ್ಕೆ ಎರಡು ತಿಂಗಳು ಬೇಕು. ಆಮೇಲೆ ನನ್ನ ಕೈ ಎಷ್ಟು ದಿನ? ಬೆಳಿಗ್ಗೆ ಬಾಟಲಿ ಮುಚ್ಚಳ ತಿರುಗಿಸೋಕಾಗಲಿಲ್ಲ ನಂಗೆ. ನಿಮಗೆ ಹೇಳಲಿಲ್ಲ. ದುಡ್ಡು ಒಂದೇ ಸಲಕ್ಕೆ ಇರೋದು. ಕೊನೆಗೆ ಅಲ್ಲಿ ನಿಲ್ಲೋರು ಯಾರೋ ಅವರ ಎತ್ತರಕ್ಕೆ ಮಾಡಿಸೋದಲ್ವಾ ಬುದ್ಧಿವಂತಿಕೆ?"

"ಯಾರೂ ಹೇಳೋಕಾಗಲ್ಲ ಅಂತ ಅವರೇ ಹೇಳಿದಾರೆ."

"ಹೇಳಿದಾರೆ. ಆದ್ರೆ..."

"ಹಾಗಾದ್ರೆ ಬೇಡವೇ ಬೇಡ ಬಿಡು" ಎಂದು ಅವನು ಹೊರಗೆ ಹೋಗಿಬಿಟ್ಟ.

ಓಣಿಯಲ್ಲಿ ಒಂದು ಕಂಬವಿತ್ತು. ಇಪ್ಪತ್ತು ವರ್ಷದ ಹಿಂದೆ ಅವನೇ ನಿಲ್ಲಿಸಿದ ಕಂಬ. ಅದಕ್ಕೆ ಒರಗಿ ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಹೆಗಲು ಅಲುಗುತ್ತಿದ್ದುದು ಕೊಟ್ಟಿಗೆಯ ಒಳಗಿನಿಂದ ಕಾಣಿಸುತ್ತಿತ್ತು. ಮಗಳು ಅಪ್ಪನ ಹಿಂದೆ ಹೋಗಲು ಎದ್ದಳು. ತಾಯಿ ಅವಳ ಸೆರಗಿನ ತುದಿ ಹಿಡಿದು ಕೂರಿಸಿದಳು. ಸ್ವಲ್ಪ ಹೊತ್ತು ಆ ಬೆನ್ನನ್ನೇ ನೋಡುತ್ತಿದ್ದು, ಬಡಗಿಯ ಕಡೆ ತಿರುಗಿದಳು.

"ಇಪ್ಪತ್ತೊಂಬತ್ತೇ ಬರ್ಕೊಳ್ಳಿ, ಮೇಸ್ತ್ರಿ."

"ಅಮ್ಮ, ನೀನು ಹೇಳಿದ್ದೇ ಸರಿ" ಎಂದಳು ಮಗಳು. "ಯಾಕಮ್ಮ ಬಿಟ್ಟುಕೊಡ್ತೀಯ?"

"ಸರಿ ಅಂತ ನನಗೂ ಗೊತ್ತು. ನಿಮ್ಮಪ್ಪನಿಗೆ ಈ ಎಂಟು ಇಂಚು ಬೇಕಾಗಿದೆ ಕಣೇ. ತಗೊಳ್ಳಲಿ."

ಅಡುಗೆಮನೆ ಸಿದ್ಧವಾಗುವಷ್ಟರಲ್ಲಿ ಎರಡಲ್ಲ, ಮೂರು ತಿಂಗಳೇ ಆಯಿತು. ಹಳೆಯ ಕಟ್ಟೆ ಒಡೆದ ಧೂಳು ಹಾಸಿಗೆಯವರೆಗೆ ಬಂತು. ಏಣಿ ರಜೆ ಹಾಕಿ ವೈರುಗಳನ್ನೆಲ್ಲ ತಾನೇ ಎಳೆದ. ಸ್ವಿಚ್ಚುಗಳನ್ನು ಅವಳ ಕೈಗೆ ಸಿಗುವಂತೆ ಕೆಳಗೆ ಕೂರಿಸಿದ. ಕೊನೆಯ ದಿನ ಅವಳ ಕುರ್ಚಿಯನ್ನು ಒಳಗೆ ತಳ್ಳಿದಾಗ ಮಂಡಿಗಳು ಕಟ್ಟೆಯ ಕೆಳಗೆ ಸಲೀಸಾಗಿ ಹೋದವು. ಅವಳು ಎರಡೂ ಅಂಗೈಗಳನ್ನು ಕಲ್ಲಿನ ಮೇಲಿಟ್ಟು, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ಸವರಿದಳು. ಎರಡು ತುಂಡು ಕಲ್ಲು ಸೇರುವ ಗೆರೆ ಉಗುರಿಗೂ ಸಿಗಲಿಲ್ಲ.

"ಚೆನ್ನಾಗಿದೆ ರೀ" ಎಂದಳು. ಸುಳ್ಳು ಹೇಳಲಿಲ್ಲ. ಅದು ನಿಜವಾಗಿಯೂ ಚೆನ್ನಾಗಿತ್ತು.

ಏಳು ವಾರ ಅವಳು ಅಲ್ಲಿ ಅಡುಗೆ ಮಾಡಿದಳು. ಏಣಿ ಆ ಏಳು ವಾರ ಕಂಬಗಳ ಮೇಲೆ ಸಿಳ್ಳೆ ಹಾಕಿಕೊಂಡು ಕೆಲಸ ಮಾಡಿದ ಎಂದು ಅವನ ಜೊತೆಗಾರರು ಈಗಲೂ ಹೇಳುತ್ತಾರೆ. ಒಂದು ಭಾನುವಾರ ಆರು ಜನ ಲೈನ್‌ಮನ್‌ಗಳನ್ನು ಊಟಕ್ಕೆ ಕರೆದ. ಅವಳು ಆಲೂಗಡ್ಡೆ ಸೂಪು, ಹುರಿದ ಮೀನು, ಹಾಲಿನಲ್ಲಿ ಬೇಯಿಸಿದ ಅಕ್ಕಿ ಮಾಡಿದಳು. ಮಗಳು ಹೆಚ್ಚಿಕೊಟ್ಟಳು, ಸಾಮಾನು ಎತ್ತಿಕೊಟ್ಟಳು. ಆದರೆ ಸೌಟು ಮಾತ್ರ ತಾಯಿಯ ಕೈಯಲ್ಲೇ ಇತ್ತು. ಎಲ್ಲರೂ ಅಡುಗೆಮನೆ ನೋಡಿದರು, ಡ್ರಾಯರ್ ಎಳೆದರು, ನೂಕಿದರು. ಏಣಿ ಎಲ್ಲರಿಗೂ ಬಕೆಟ್ಟಿನ ಕಥೆ ಹೇಳಿದ. "ನನ್ನ ಹೆಂಡ್ತಿ ಲೆಕ್ಕ ತಪ್ಪೋದಿಲ್ಲ" ಎಂದ. ಅವಳು ಅವನತ್ತ ನೋಡಿ ಏನೋ ಹೇಳಲು ಹೊರಟು, ಸೂಪು ಬಡಿಸಿದಳು.

ಎಂಟನೆಯ ವಾರ ಸೌಟು ಬಿತ್ತು. ಎತ್ತಿಕೊಟ್ಟರೆ ಮತ್ತೆ ಬಿತ್ತು. ಏಣಿ ಸೌಟಿನ ಹಿಡಿಗೆ ಕರೆಂಟಿನ ಕೆಲಸದ ಅಂಟುಪಟ್ಟಿ ಸುತ್ತಿ ದಪ್ಪ ಮಾಡಿಕೊಟ್ಟ. ಹತ್ತು ದಿನ ನಡೆಯಿತು. ಚಾಕುವಿಗೂ ಸುತ್ತಿದ. ಬಟ್ಟಲಿಗೂ ಒಂದು ಹಿಡಿ ಕಟ್ಟಿದ. ಆಮೇಲೆ ಸುತ್ತುವುದಕ್ಕೆ ಏನೂ ಉಳಿಯಲಿಲ್ಲ. ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತು, ತೊಡೆಯ ಮೇಲೆ ಬಿದ್ದಿದ್ದ ಎರಡು ಕೈಗಳನ್ನು ಅಂಗಡಿಯಲ್ಲಿ ಸಾಮಾನು ನೋಡುವ ಹಾಗೆ ನೋಡಿದಳು.

"ಕುರ್ಚಿ ಹಿಂದಕ್ಕೆ ಎಳೀರಿ" ಎಂದಳು. "ನೀವು ಬನ್ನಿ ಇಲ್ಲಿ. ಈರುಳ್ಳಿ ಹೇಗೆ ಹೆಚ್ಚೋದು ಅಂತ ಹೇಳ್ತೀನಿ."

ಐವತ್ತೊಂದನೆಯ ವಯಸ್ಸಿನಲ್ಲಿ ಏಣಿ ಅಡುಗೆ ಕಲಿತ. ಅವಳು ಬಾಗಿಲಲ್ಲಿ ಕೂತು ಹೇಳಿಕೊಡುತ್ತಿದ್ದಳು. ಅವಳಿಗೆ ತಾಳ್ಮೆಯಿತ್ತು. ಇಪ್ಪತ್ತು ವರ್ಷ ಹೊಸ ಕೆಲಸಗಾರರಿಗೆ ಕಲಿಸಿದವಳು. ಅವನು ಕಲಿಯುವುದರಲ್ಲಿ ಮಂದನೇನಲ್ಲ, ಕಷ್ಟವಾದದ್ದು ಕಟ್ಟೆ. ಅದು ಅವನ ತೊಡೆಯ ನಡುವಿಗೆ ಬರುತ್ತಿತ್ತು. ಕಾಲು ಅಗಲಿಸಿ ನಿಂತ. ಗೋಡೆಗೆ ಹಣೆ ಒತ್ತಿ ನಿಂತ. ಮಂಡಿ ಮಡಿಸಿ ನೋಡಿದ. ಏನು ಮಾಡಿದರೂ ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಬೆನ್ನು ಕೊಕ್ಕೆಯಾಗಿರುತ್ತಿತ್ತು, ನೆಟ್ಟಗಾಗಲು ಬಾಗಿಲ ಚೌಕಟ್ಟು ಹಿಡಿಯಬೇಕಾಗುತ್ತಿತ್ತು.

ಅವಳು ಅದನ್ನು ದಿನವೂ ನೋಡುತ್ತಿದ್ದಳು. 'ನಾನು ಹೇಳಿರಲಿಲ್ವಾ' ಎಂದು ಒಂದು ದಿನವೂ ಅನ್ನಲಿಲ್ಲ. ಅವನು ಆ ಮಾತಿಗೆ ಕಾಯುತ್ತಿದ್ದ. ಒಮ್ಮೆ ಪಾತ್ರೆ ತೊಳೆಯುತ್ತಾ ತಿರುಗದೆಯೇ, "ಬೈಯೇ ಒಂದ್ಸಲ" ಎಂದ.

"ಯಾಕೆ ಬೈಲಿ?"

"ಮೂವತ್ತೇಳು ಅಂದಿದ್ದೆ ನೀನು."

"ಏಳು ವಾರ ಮಾಡಿದ್ನಲ್ಲ ರೀ" ಎಂದಳು. "ಮೂವತ್ತೇಳಾಗಿದ್ರೆ ಅದೂ ಇರ್ತಿರಲಿಲ್ಲ."

ಅವಳು ಅದನ್ನು ಅವನ ಸಮಾಧಾನಕ್ಕೆ ಹೇಳಿದಳೋ ನಿಜವಾಗಿ ಹಾಗೆನಿಸಿ ಹೇಳಿದಳೋ ಅವನಿಗೆ ತಿಳಿಯಲಿಲ್ಲ. ಕೇಳಿ ತಿಳಿದುಕೊಳ್ಳಬಹುದಿತ್ತು. ಮುಂದಿನ ತಿಂಗಳು ಕೇಳೋಣವೆಂದರೆ ಅವಳ ಮಾತು ಒದ್ದೆ ಬಟ್ಟೆಯಂತೆ ಮುದ್ದೆಯಾಗತೊಡಗಿತ್ತು. ಮಗಳಿಗೆ ಅರ್ಥವಾಗುತ್ತಿತ್ತು, ಅವನಿಗೆ ಆಗುತ್ತಿರಲಿಲ್ಲ. ಇಪ್ಪತ್ನಾಲ್ಕು ವರ್ಷ ಸಂಸಾರ ಮಾಡಿದವಳು ಒಂದು ಮಾತು ಹೇಳಿದರೆ, ಅವನು ಮಗಳ ಮುಖ ನೋಡಿ, "ಏನಂತೆ?" ಎಂದು ಕೇಳಬೇಕಾಯಿತು. ಮಗಳು ಅಂಗಡಿಗೆ ಹೋದ ಹೊತ್ತಿನಲ್ಲಿ ಅವಳು ಏನಾದರೂ ಹೇಳಿದರೆ ಅವನು ಸುಮ್ಮನೆ ತಲೆಯಾಡಿಸಿ, "ಹೂಂ, ಹೂಂ" ಎನ್ನುತ್ತಿದ್ದ. ಅವನಿಗೆ ಅರ್ಥವಾಗಿಲ್ಲವೆಂದು ಅವಳಿಗೆ ಗೊತ್ತಾಗುತ್ತಿತ್ತು. ಬರಬರುತ್ತಾ ಹೇಳುವುದನ್ನೇ ಬಿಟ್ಟಳು.

ಆ ವರ್ಷದ ಚಳಿಗಾಲದಲ್ಲಿ ಏಣಿಯ ಬೆನ್ನು ಕಂಬದ ಮೇಲೆ ಹಿಡಿದುಕೊಂಡಿತು. ಕೆಳಗಿಳಿಯಲಾಗದೆ ಅರ್ಧ ಗಂಟೆ ಮೇಲೆಯೇ ನೇತಾಡಿದ. ಜೊತೆಗಾರರು ಹಗ್ಗ ಕಟ್ಟಿ ಇಳಿಸಿದರು. ಇನ್ನು ಮುಂದೆ ಹತ್ತುವ ಹಾಗಿಲ್ಲ ಎಂದು ಆಫೀಸಿನವರು ಬರೆದುಕೊಟ್ಟು, ಅವನನ್ನು ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. ಕಂಬ ಹತ್ತಿ ಬಾಗದ ಬೆನ್ನು ಅಡುಗೆಕಟ್ಟೆಗೆ ಬಾಗಿತು ಎಂದು ಯಾರೋ ತಮಾಷೆ ಮಾಡಿದರು. ಯಾರೂ ನಗಲಿಲ್ಲ, ಹೇಳಿದವನೇ ಮಾತು ಬದಲಿಸಿದ.

ಹೆಂಡತಿ ಹಾಸಿಗೆ ಹಿಡಿದ ಮೇಲೆ ಗಾಲಿಕುರ್ಚಿ ಮೂಲೆಯಲ್ಲಿ ಖಾಲಿ ನಿಂತಿತ್ತು. ಒಂದು ಸಂಜೆ ಬೆನ್ನು ತೀರಾ ಕೈಕೊಟ್ಟಾಗ, ಒಲೆಯ ಮೇಲೆ ಸೂಪು ಕುದಿಯುತ್ತಿತ್ತು, ಬಿಟ್ಟು ಬರುವಂತಿರಲಿಲ್ಲ. ಏಣಿ ಕುರ್ಚಿಯನ್ನು ಎಳೆದುಕೊಂಡು ಕೂತ. ಅವನ ಉದ್ದದ ಕಾಲು ಮಡಚಿ ಹೇಗೋ ಒಳಗೆ ಸೇರಿತು. ಕೈ ನೇರವಾಗಿ ಕಲ್ಲಿನ ಮೇಲೆ ಬಂತು. ಸ್ವಿಚ್ಚು ಕೈಗೆ ಸಿಕ್ಕಿತು, ಉಪ್ಪಿನ ಡಬ್ಬಿ ಸಿಕ್ಕಿತು, ಸಿಂಕಿನ ತಳ ಸಿಕ್ಕಿತು. ಅಡುಗೆಮನೆಯ ಒಂದೊಂದು ಸಾಮಾನೂ ಎಲ್ಲಿರಬೇಕೋ ಅಲ್ಲೇ ಇತ್ತು. ಅವನು ಸೌಟು ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟ.

ಕೋಣೆಯ ಹಾಸಿಗೆಯಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ತಾಯಿಗೆ ದಿಂಬು ಸರಿಮಾಡುತ್ತಿದ್ದ ಮಗಳು, ಅವಳ ಕಣ್ಣು ಎಲ್ಲಿ ನೆಟ್ಟಿದೆಯೆಂದು ತಿರುಗಿ ನೋಡಿ, ಎದ್ದು ಹೋಗಿ ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿದಳು. ತಾಯಿಯ ಗಂಟಲಿನಿಂದ ಸದ್ದು ಬಂತು. ತೆರೆ ಎನ್ನುತ್ತಿದ್ದಾಳೆಂದು ಮಗಳಿಗೆ ತಿಳಿಯಿತು. ತೆರೆದಳು. ತಾಯಿ ನೋಡುತ್ತಲೇ ಮಲಗಿದ್ದಳು.

ಆಮೇಲೆ ಅವಳಿಗೆ ನುಂಗಲು ಆಗದೆ ಹೊಟ್ಟೆಗೆ ನಳಿಕೆ ಹಾಕಿದರು. ಡಬ್ಬಿಯ ಪುಡಿಯನ್ನು ನೀರಿಗೆ ಕಲಸಿ ಆ ನಳಿಕೆಯಲ್ಲಿ ಬಿಡುವುದು, ಅಷ್ಟೇ ಅವಳ ಊಟ. ಅದಕ್ಕೆ ಒಲೆಯೂ ಬೇಡ, ಸೌಟೂ ಬೇಡ. ಏಣಿ ದಿನಕ್ಕೆ ಐದು ಸಲ ಹೊಸ ಕಟ್ಟೆಯ ಮೇಲೆ ಪುಡಿ ಕಲಸುತ್ತಿದ್ದ. ಗಂಟಾಗದಂತೆ ಕಲಸುವುದನ್ನು ಅವಳೇ ಹಿಂದೆ ಹಿಟ್ಟು ಕಲಸಿಸಿ ಹೇಳಿಕೊಟ್ಟಿದ್ದಳು: ಮೊದಲು ಒಂದೇ ಚಮಚ ನೀರು, ಚೆನ್ನಾಗಿ ತಿಕ್ಕಿ, ಆಮೇಲೆ ಉಳಿದದ್ದು. ತನಗೂ ಮಗಳಿಗೂ ಬ್ರೆಡ್ಡು ತರುತ್ತಿದ್ದ. ಬೇಯಿಸಿದ ವಾಸನೆ ಬಂದರೆ ಅವಳಿಗೆ ಹೇಗಾದೀತೋ ಎಂದು ಅವನೂ ಮಗಳೂ ಮಾತಾಡಿಕೊಳ್ಳದೆಯೇ ಒಲೆ ಹಚ್ಚುವುದನ್ನು ನಿಲ್ಲಿಸಿದ್ದರು.

ಅಡುಗೆಮನೆಗೆ ಒಂದು ವರ್ಷ ಎರಡು ತಿಂಗಳಾದಾಗ, ಒಂದು ಮಧ್ಯಾಹ್ನ, ಅವಳು ಹೋದಳು. ಏಣಿ ಪಕ್ಕದಲ್ಲಿಯೇ ಇದ್ದ. ಅವಳ ಉಸಿರು ನಿಂತು ಎಷ್ಟೋ ಹೊತ್ತಾದ ಮೇಲೂ ಅವನು ಕೈ ಹಿಡಿದುಕೊಂಡು, ಇನ್ನೊಂದು ಬರುತ್ತದೆ ಎಂದು ಕಾಯುತ್ತಿದ್ದ. ಮಗಳು ಅಂಗಡಿಯಿಂದ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ನೆಂಟರು ಬಂದರು, ಹೋದರು. ಕುರ್ಚಿಗೆ ಇನ್ನೊಬ್ಬರು ಕಾಯುತ್ತಿದ್ದಾರೆಂದು ಆಸ್ಪತ್ರೆಯವರು ತೆಗೆದುಕೊಂಡು ಹೋದರು. ಒಂದು ತಿಂಗಳ ಮೇಲೆ ಮಗಳು ಮತ್ತೆ ಒಲೆ ಹಚ್ಚಿದಳು. ಅವಳೂ ಅಪ್ಪನ ಉದ್ದವನ್ನೇ ತಂದವಳು, ಎರಡು ವಾರದಲ್ಲಿ ಸೊಂಟ ಹಿಡಿದುಕೊಂಡು ಹೇಳಿದಳು: "ಅಪ್ಪ, ಮೇಸ್ತ್ರಿನ ಕರೆಸಿ ಇದನ್ನ ಎತ್ತರ ಮಾಡಿಸೋಣ."

ಮುದುಕ ಬಡಗಿ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ, ಪ್ರತಿ ಬಾಗಿಲನ್ನೂ ತೆರೆದು ಮುಚ್ಚಿದ. ಕೆಳಗೆ ಕೂತು ಸಿಂಕಿನಡಿಯ ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದ.

"ಒಂದು ಕೂದಲಷ್ಟೂ ಉಬ್ಬಿಲ್ಲ" ಎಂದ. "ತಾಯಿ ಆರಿಸಿದ್ದು."

"ಎತ್ತಬಹುದಾ?" ಎಂದಳು ಮಗಳು.

"ಎತ್ತಬಹುದು. ಆದ್ರೆ ಕಲ್ಲು ಬಿಡಿಸ್ಬೇಕು. ಬಿಡಿಸುವಾಗ ಒಡೆಯುತ್ತೆ, ಅಂಟು ಹಾಗೆ ಹಿಡಿದಿದೆ. ಪೈಪು, ಟೈಲು, ವೈರು ಎಲ್ಲ ಹೊಸದಾಗಿ ಆಗ್ಬೇಕು. ಹೆಚ್ಚುಕಮ್ಮಿ ಇನ್ನೊಂದು ಅಡುಗೆಮನೆ ಮಾಡಿಸಿದ ಹಾಗೆ." ಮುದುಕ ಏಣಿಯ ಕಡೆ ನೋಡಿದ. "ಹೀಗೇ ಬಿಟ್ರೆ ನಿಮ್ಮ ಕಾಲಕ್ಕೆ ಇದಕ್ಕೇನೂ ಆಗಲ್ಲ."

ಇಡುಗಂಟಿನಲ್ಲಿ ಉಳಿದಿದ್ದೆಲ್ಲ ಕೊನೆಯ ತಿಂಗಳುಗಳಲ್ಲಿ ರಾತ್ರಿ ಅವಳಿಗೆ ಹಾಕುತ್ತಿದ್ದ ಉಸಿರಾಟದ ಯಂತ್ರಕ್ಕೂ ಡಬ್ಬಿಯ ಪುಡಿಗೂ ಹೋಗಿತ್ತು. ಅದನ್ನು ಏಣಿ ಹೇಳಲಿಲ್ಲ. "ಇರಲಿ ಬಿಡಿ" ಎಂದ. ಮುದುಕ ಒಂದು ಬಾಗಿಲಿನ ಕೀಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಟೀ ಬೇಡವೆಂದು ಹೇಳಿ ಹೋದ.

ಮಾರನೆಯ ದಿನ ಮಗಳು ಅಂಗಡಿಯಿಂದ ಬರುವಾಗ ಒಂದು ಪ್ಲಾಸ್ಟಿಕ್ ಸ್ಟೂಲು ತಂದಳು. ಏಣಿ ಅದರ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯತೊಡಗಿದ. ಸ್ಟೂಲು ಸ್ವಲ್ಪ ಎತ್ತರವಾಯಿತು. ಅವನ ಮಂಡಿಗಳು ಕಟ್ಟೆಯ ಅಂಚಿಗೆ ತಾಗುತ್ತಿದ್ದವು.

"ನಾಳೆ ಬದಲಾಯಿಸ್ಕೊಂಡು ಬರ್ತೀನಿ, ಅಪ್ಪ" ಎಂದಳು ಮಗಳು. "ಚಿಕ್ಕದೂ ಇತ್ತು ಅಲ್ಲಿ."

"ಬೇಡ" ಎಂದ ಅವನು. "ನಡೆಯುತ್ತೆ." ಮಂಡಿಗಳನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಇನ್ನೊಂದು ಆಲೂಗಡ್ಡೆ ಕೈಗೆ ತೆಗೆದುಕೊಂಡ.